ಕಿಟಕಿಗೂ ಒಂದು ವರ್ತನೆ

ಪತ್ರದ ಸಾರ: ಬನಶಂಕರಿ ಎರಡನೆಯ ಹಂತದಿಂದ ಬರೆಯುತ್ತಿದ್ದೇನೆ. ಕಚೇರಿಯೊಂದರಲ್ಲಿ ಆರು ವರ್ಷ ಹೌಸ್‌ಕೀಪಿಂಗ್ ಕೆಲಸ ಮಾಡಿದೆ. ಎರಡು ವರ್ಷದಿಂದ ಒಬ್ಬನೇ ಮನೆಗಳ ಕಿಟಕಿ ಗಾಜು ಒರೆಸುತ್ತಿದ್ದೇನೆ. ಸ್ಕೂಟರ್, ಮಡಚುವ ಏಣಿ, ಎರಡು ಬಕೆಟ್, ಇಷ್ಟೇ ಬಂಡವಾಳ. ಮನೆಗೆ 700 ರೂಪಾಯಿಯಂತೆ ದಿನಕ್ಕೆ ಮೂರು ಮನೆ ಮಾಡಬಲ್ಲೆ. ಮೂರನೆಯ ಮಹಡಿಯಾದರೂ ಸಜ್ಜದ ಮೇಲೆ ನಿಂತು ಒರೆಸುತ್ತೇನೆ, ಭಯವಿಲ್ಲ. ದಸರೆಯಿಂದ ದೀಪಾವಳಿಯವರೆಗೆ ಊಟಕ್ಕೂ ಪುರುಸೊತ್ತಿಲ್ಲ. ಆಮೇಲೆ ಫೋನ್ ಸದ್ದೇ ಮಾಡುವುದಿಲ್ಲ. ಸಾಲ ಮಾಡಿ ಯಂತ್ರ ತಂದು ದೊಡ್ಡ ಕಟ್ಟಡಗಳ ಗುತ್ತಿಗೆ ಹಿಡಿ ಎಂದು ಭಾವ ಹೇಳುತ್ತಾರೆ. ಮನೆಗಳಿಗೆ ಕೆಲಸದವರನ್ನು ಕಳುಹಿಸುವ ಮೊಬೈಲ್ ಆಪ್‌ಗೆ ಸೇರು ಎಂದು ಗೆಳೆಯ. ಇದನ್ನು ಒಂದು ಉದ್ಯಮವಾಗಿ ಬೆಳೆಸುವುದು ಹೇಗೆ? ಸಾಹಿತ್ಯದ ಪತ್ರಿಕೆಗೆ ಕೇಳುವ ಪ್ರಶ್ನೆಯಲ್ಲವೇನೋ. ದಯವಿಟ್ಟು ಹೆಸರು ಹಾಕಬೇಡಿ, ಮನೆಯಲ್ಲಿ ನನಗೆ ಹೆಣ್ಣು ನೋಡುತ್ತಿದ್ದಾರೆ.

ಸಂಪಾದಕರ ಉತ್ತರ:

ಹೆಸರು ಹಾಕಿಲ್ಲ. ಆದರೆ ಸಾಹಿತ್ಯದ ಪತ್ರಿಕೆಗೆ ಕೇಳುವ ಪ್ರಶ್ನೆಯಲ್ಲ ಎಂದಿರಲ್ಲ, ಅಲ್ಲಿಂದಲೇ ನನ್ನ ತಕರಾರು. ಈ ಮೇಜಿಗೆ ಬರುವ ಕವನಗಳಲ್ಲಿ ಕಿಟಕಿಗೆ ಬರವಿಲ್ಲ. ಕಿಟಕಿಯಾಚೆ ಮಳೆ, ಕಿಟಕಿಯಾಚೆ ಅವಳು. ಆ ಗಾಜನ್ನು ಒರೆಸಿದವನ ಕಡೆಯಿಂದ ಬಂದ ಮೊದಲ ಕಾಗದ ನಿಮ್ಮದು. ಅದೂ ತಪ್ಪಿಲ್ಲದ ಕನ್ನಡದಲ್ಲಿ, ಹಾಳೆಯ ಒಂದೇ ಮಗ್ಗುಲಲ್ಲಿ. ನಮ್ಮ ಕವಿಗಳು ನಿಮ್ಮಿಂದ ಕಲಿಯಬಹುದು.

ಇನ್ನೂ ಒಂದು ಕಾರಣಕ್ಕೆ ನಿಮ್ಮ ಪತ್ರವನ್ನು ಆರಿಸಿಕೊಂಡೆ. ನಿಮ್ಮ ಕಷ್ಟವೂ ನನ್ನ ಕಷ್ಟವೂ ಒಂದೇ. ದೀಪಾವಳಿ ವಿಶೇಷಾಂಕ ಅಂಗಡಿಯಲ್ಲಿ ಖರ್ಚಾಗುತ್ತದೆ. ಕಾರ್ತಿಕ ಕಳೆದ ಮೇಲೆ ಬರುವ ಸಂಚಿಕೆ ಕಟ್ಟು ಬಿಚ್ಚದೆ ವಾಪಸು ಬರುತ್ತದೆ. ಹಬ್ಬದ ಗಿರಾಕಿಯನ್ನು ನಂಬಿದ್ದರೆ ನಾನು ಎಂದೋ ಈ ಕುರ್ಚಿ ಬಿಟ್ಟು ಏಳಬೇಕಾಗಿತ್ತು. ಪತ್ರಿಕೆ ಉಸಿರಾಡುತ್ತಿರುವುದು ಚಂದಾದಾರರಿಂದ, ಅಂದರೆ ಈ ತಿಂಗಳ ಸಂಚಿಕೆ ಸಪ್ಪೆಯಾಗಿದ್ದರೂ ಬೈದುಕೊಂಡು ಮುಂದಿನದಕ್ಕೆ ಕಾಯುವ ಜನರಿಂದ. ನಿಮಗೆ ಬೇಕಾಗಿರುವವರೂ ಅವರೇ.

ಇದಕ್ಕೆ ನಮ್ಮ ಹಳೆಯ ಬೆಂಗಳೂರಿನ ಮನೆಗಳಲ್ಲಿ ಒಂದು ಮಾತಿತ್ತು: ವರ್ತನೆ. ಈಗಿನವರಿಗೆ ವರ್ತನೆಯೆಂದರೆ ನಡತೆ ಮಾತ್ರ. ನಮ್ಮ ತಾಯಿಗೆ ಅದು ವರ್ತನೆಯ ಹಾಲು, ವರ್ತನೆಯ ಹೂವು. ವಿಶ್ವೇಶ್ವರಪುರದ ನಮ್ಮ ಮನೆಗೆ ಹೂವಿನವಳೊಬ್ಬಳು ಬರುತ್ತಿದ್ದಳು. ನಾವು ಏಳುವ ಮೊದಲೇ ಬಾಗಿಲ ಚಿಲಕಕ್ಕೆ ಒಂದು ಮೊಳ ಸಿಕ್ಕಿಸಿ ಹೋಗಿರುತ್ತಿದ್ದಳು. ಅಮ್ಮ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದರು, ತಿಂಗಳ ಕೊನೆಗೆ ಲೆಕ್ಕ. ಆಷಾಢವೆಂದು ಹೂವು ನಿಲ್ಲುತ್ತಿರಲಿಲ್ಲ, ಶ್ರಾವಣವೆಂದು ದರ ಏರುತ್ತಿರಲಿಲ್ಲ. ಒಮ್ಮೆ ಅವಳು ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಊರಿಗೆ ಹೋದಳು. ಅದು ನಮಗೆ ತಿಳಿದದ್ದು ಅವಳು ತಿರುಗಿ ಬಂದ ಮೇಲೆ. ಅಷ್ಟು ದಿನವೂ ಚಿಲಕದಲ್ಲಿ ಹೂವಿತ್ತು, ನಾದಿನಿ ತಂದಿಡುತ್ತಿದ್ದಳು. ಎರಡನೆಯ ಮಗಳ ಮದುವೆಯಲ್ಲಿ ಅವಳು ಉಡುಗೊರೆಯಾಗಿ ಏನು ಕೊಟ್ಟಳು ಗೊತ್ತೇ? ಎರಡು ಬೀದಿ. ಆ ಬೀದಿಗಳ ವರ್ತನೆ ಅಂದಿನಿಂದ ಮಗಳದು.

ಹಳೆಯದೆಲ್ಲ ಚಿನ್ನ ಎನ್ನುತ್ತಿಲ್ಲ. ಹಳ್ಳಿಗಳಲ್ಲಿ ಊರ ಕಸುಬು ಮಾಡುವ ಆಯಗಾರರೂ ಇದ್ದರು, ವರ್ಷಕ್ಕೊಮ್ಮೆ ಕಣದಲ್ಲಿ ಕಾಳು ಅಳೆಸಿಕೊಳ್ಳುತ್ತಿದ್ದರು. ಅಲ್ಲಿ ಜಾತಿ ಕೆಲಸವನ್ನು ಕಟ್ಟಿಹಾಕಿತ್ತು, ಬಿಡುತ್ತೇನೆ ಎನ್ನುವ ಹಾಗಿರಲಿಲ್ಲ. ಹೂವಿನವಳು ನಮ್ಮ ಮನೆಯನ್ನು ಬೇಕಾದಾಗ ಬಿಡಬಹುದಿತ್ತು. ಒಮ್ಮೆ ಬಿಟ್ಟೂ ಇದ್ದಳು, ಅಮ್ಮ ಚೌಕಾಸಿ ಮಾಡಿದ್ದಕ್ಕೆ.

ಬ್ರಿಟನ್ನಿನಲ್ಲಿ ಕಿಟಕಿ ಒರೆಸುವವರು ನಿಮ್ಮ ವೃತ್ತಿಯನ್ನು ಹೀಗೆಯೇ ನಡೆಸುತ್ತಾರೆ. ನಾಲ್ಕು, ಆರು ಅಥವಾ ಎಂಟು ವಾರಕ್ಕೊಮ್ಮೆ ಅವವೇ ಬೀದಿಗಳ ಅವವೇ ಮನೆಗಳು. ಅದಕ್ಕೆ ಅವರು ರೌಂಡ್ ಎನ್ನುತ್ತಾರೆ. ವಯಸ್ಸಾಗಿ ಏಣಿ ಹತ್ತಲಾಗದೆ ಹೋದಾಗ ಇಡೀ ರೌಂಡನ್ನು ಇನ್ನೊಬ್ಬನಿಗೆ ಬೆಲೆಗೆ ಮಾರುತ್ತಾರೆ. ದೀಪಾವಳಿಗೊಮ್ಮೆ ಫೋನ್ ಮಾಡುವ ಗಿರಾಕಿಗಳ ಪಟ್ಟಿಯನ್ನು ನೀವು ಯಾರಿಗೆ ಮಾರುತ್ತೀರಿ?

ನಿಮ್ಮ ಲೆಕ್ಕವನ್ನೇ ಹಿಡಿಯೋಣ. ಎಂಟು ವಾರಕ್ಕೊಮ್ಮೆ ಒರೆಸುವ ಗಾಜು ವರ್ಷದ ಕೊಳೆ ಕುಡಿದ ಗಾಜಿಗಿಂತ ಬೇಗ ಮುಗಿಯುತ್ತದೆ. ವರ್ತನೆಯ ಮನೆಗೆ 100 ರೂಪಾಯಿ ಬಿಡಿ, 600 ಇಟ್ಟುಕೊಳ್ಳಿ. ವಾರಕ್ಕೆ ಐದು ದಿನ, ದಿನಕ್ಕೆ ಮೂರು ಮನೆ. ಆರನೆಯ ದಿನ ಮಳೆಗೆ, ನೆಂಟರ ಮದುವೆಗೆ, ಹೊಸ ಗಿರಾಕಿಗೆ ಇರಲಿ. ಎಂಟು ವಾರಕ್ಕೆ 120 ಮನೆ, 72,000 ರೂಪಾಯಿ. ವರ್ಷಕ್ಕೆ ಆರೂವರೆ ಸುತ್ತು ಎಂದರೆ 4,68,000. ಬನಶಂಕರಿ, ಪದ್ಮನಾಭನಗರ, ಜಯನಗರದಲ್ಲಿ 120 ಮನೆ ಸಿಗುವುದಿಲ್ಲವೇ? ಒಂದೊಂದು ಅಪಾರ್ಟ್‌ಮೆಂಟಿನಲ್ಲೇ ಅಷ್ಟು ಬಾಗಿಲುಗಳಿವೆ.

ಆ 120 ತುಂಬಿದ ದಿನ ಎರಡನೆಯವನನ್ನು ಹುಡುಕಿ, ಅದಕ್ಕೆ ಮೊದಲು ಬೇಡ. ಎರಡನೆಯ ಸ್ಕೂಟರಿಗೂ ಏಣಿಗೂ ಸಾಲ ಬೇಕೆಂದರೆ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ. ಆದರೆ ಸಾಲಕ್ಕಿಂತ ಮೊದಲು ಒಂದು ನೋಟ್‌ಬುಕ್ ಕೊಳ್ಳಿ. ಮನೆಗೊಂದು ಪುಟ. ಎಷ್ಟು ಕಿಟಕಿ, ಸೊಳ್ಳೆ ಜಾಲರಿ ಕಳಚಲು ಬರುತ್ತದೆಯೋ ಇಲ್ಲವೋ, ಪಾರಿವಾಳ ಕೂರುವ ಮೂಲೆ ಯಾವುದು, ಗ್ರಿಲ್ಲಿನ ಸಂದಿಯಲ್ಲಿ ಕೈ ತೂರುತ್ತದೆಯೇ, ನಾಯಿಯ ಹೆಸರೇನು. ಈಗ ಇದೆಲ್ಲ ನಿಮ್ಮ ತಲೆಯಲ್ಲಿದೆ. ತಲೆಯಲ್ಲಿ ಇರುವವರೆಗೆ ನಿಮಗೆ ಜ್ವರ ಬಂದರೆ ಅಂಗಡಿ ಮುಚ್ಚಿದಂತೆ. ಪುಸ್ತಕದಲ್ಲಿದ್ದರೆ ನಾದಿನಿ ಬಂದು ಹೂವು ಸಿಕ್ಕಿಸಿ ಹೋಗಬಹುದು.

ಸೂರ್ಯನನ್ನೂ ಬರೆದುಕೊಳ್ಳಿ. ಬಿಸಿಲು ಬಿದ್ದ ಗಾಜಿನ ಮೇಲೆ ಸೋಪು ನೀರು ಎಳೆಯುವ ಮೊದಲೇ ಆರಿ ಗೆರೆ ಬೀಳುತ್ತದೆ ಎಂಬುದು ನಿಮಗೆ ಹೊಸತಲ್ಲ. ಪಡುವಣದ ಕಿಟಕಿ ಬೆಳಿಗ್ಗೆ, ಮೂಡಣದ್ದು ಮಧ್ಯಾಹ್ನದ ನಂತರ ಎಂಬಂತೆ ಬೀದಿಗಳನ್ನು ಜೋಡಿಸಿದರೆ ದಿನಕ್ಕೆ ಅರ್ಧ ಗಂಟೆಯಾದರೂ ಉಳಿದೀತು. ಇನ್ನು ನೀರು. ನಮ್ಮ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ನೀರು ಆರುತ್ತದೆ, ಅವು ಬಿಳಿ ಚುಕ್ಕೆಯಾಗಿ ಕೂರುತ್ತವೆ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಇದ್ದರೂ ನಮ್ಮ ಮಾನಕ ಒಪ್ಪುತ್ತದೆ. ಗಾಜಿಗೆ ಮಡಿ ಹೆಚ್ಚು, ಅದಕ್ಕೆ ಸೊನ್ನೆಯ ಹತ್ತಿರವೇ ಬೇಕು. ಲವಣ ತೆಗೆದ ನೀರನ್ನು ಉದ್ದನೆಯ ಕೊಳವೆ ಕೋಲಿನ ಬ್ರಷ್‌ಗೆ ಹರಿಸಿ ನೆಲದಲ್ಲೇ ನಿಂತು ತೊಳೆಯುವ ಪದ್ಧತಿಯೊಂದಿದೆ. ಆ ನೀರನ್ನು ಒರೆಸಬೇಕಾಗಿಯೇ ಇಲ್ಲ, ಆರಿದರೂ ಕಲೆ ಉಳಿಯುವುದಿಲ್ಲ. ಯಂತ್ರವೆಂದು ಏನನ್ನಾದರೂ ಕೊಳ್ಳುವುದಿದ್ದರೆ ಅದನ್ನು ಕೊಳ್ಳಿ. ಹಳೆಯ ಕಲೆಗೆಂದು ಬಚ್ಚಲ ಆಸಿಡ್ ಮಾತ್ರ ಹಚ್ಚಬೇಡಿ, ಅದು ಅಲ್ಯೂಮಿನಿಯಂ ಚೌಕಟ್ಟನ್ನು ತಿನ್ನುತ್ತದೆ.

ಸಜ್ಜದ ವಿಷಯಕ್ಕೆ ಬಂದೆ. ಭಯವಿಲ್ಲ ಎಂದು ಬರೆದ ಸಾಲನ್ನು ಎರಡು ಸಲ ಓದಿದೆ, ಎರಡು ಸಲವೂ ಸಿಟ್ಟು ಬಂತು. ಬೆಲ್ಟಿಲ್ಲದೆ, ಕಟ್ಟಲು ಗಟ್ಟಿಯಾದ ಕೊಂಡಿಯಿಲ್ಲದೆ ಮೂರನೆಯ ಮಹಡಿಯ ಸಜ್ಜದ ಮೇಲೆ ನಿಲ್ಲುವುದು 600 ರೂಪಾಯಿಯ ಕೆಲಸವಲ್ಲ, 6,000ದ್ದೂ ಅಲ್ಲ. ನಾಳೆ ನಿಮ್ಮ ಬಳಿ ಕೆಲಸಕ್ಕೆ ಸೇರುವ ಹುಡುಗ ನೀವು ನಿಂತಲ್ಲೇ ನಿಲ್ಲುತ್ತಾನೆ. ಒಳಗಿನಿಂದ ಕೈಗೆ ಎಟುಕದ ಗಾಜನ್ನು ಬಿಟ್ಟುಬಿಡಿ, ಬಿಟ್ಟಿದ್ದೇವೆ ಎಂದು ರಸೀದಿಯಲ್ಲಿ ಬರೆಯಿರಿ.

ನಿಮ್ಮ ಭಾವನ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಸಲಕರಣೆಯಿಂದ ಬೆಳೆದವರಿದ್ದಾರೆ. ಇಟಲಿಯಿಂದ ಅಮೆರಿಕಕ್ಕೆ ಹೋದ ಎಟ್ಟೋರೆ ಸ್ಟೆಕೋನೆ ಕೂಡ ಕಿಟಕಿ ಒರೆಸುವವನೇ. ಭಾರವಾದ ಹಳೆಯ ಒರಸುಗೋಲಿನ ಸ್ಕ್ರೂ ಬಿಚ್ಚಿ ಬಿಚ್ಚಿ ಬೇಸತ್ತು, ಒಂದೇ ರಬ್ಬರ್ ಪಟ್ಟಿಯ ಹಗುರವಾದ ಹಿತ್ತಾಳೆ ಸ್ಕ್ವೀಜಿ ಮಾಡಿದ. 1936ರಲ್ಲಿ ಪೇಟೆಂಟ್ ಪಡೆದ. ನಿಮ್ಮ ಬಕೆಟ್ಟಿನಲ್ಲಿರುವುದು ಅದರದೇ ಸಂತಾನ. ಕಚೇರಿಗಳ ಗುತ್ತಿಗೆಯಲ್ಲೂ ದುಡ್ಡಿದೆ, ಒಪ್ಪುತ್ತೇನೆ.

ಆದರೆ ಆ ದುಡ್ಡು ಬರುವುದು ಯಾವಾಗ? ಈ ಪತ್ರಿಕೆಗೆ ಪೂರ್ಣಪುಟದ ಜಾಹೀರಾತು ಕೊಟ್ಟ ಸಂಸ್ಥೆಯೊಂದು ಹಣ ಕೊಡಲು ಎಂಟು ತಿಂಗಳು ತೆಗೆದುಕೊಂಡಿತು. ಫೋನ್ ಮಾಡಿದಾಗಲೆಲ್ಲ ಬಿಲ್ಲು ಇನ್ನೊಂದು ಟೇಬಲ್ಲಿನಲ್ಲಿರುತ್ತಿತ್ತು. ಅದೇ ಅವಧಿಯಲ್ಲಿ ತೀರ್ಥಹಳ್ಳಿಯ ನಿವೃತ್ತ ಮೇಷ್ಟರೊಬ್ಬರು ಚಂದಾ ಮುಗಿಯುವ ಮೊದಲೇ ಮನಿಯಾರ್ಡರ್ ಕಳುಹಿಸಿ, ತಡವಾಯಿತೆಂದು ಕ್ಷಮೆಯನ್ನೂ ಕೇಳಿದ್ದರು. ಕಾನೂನೇನೋ ನಿಮ್ಮ ಕಡೆಗಿದೆ. ಸಣ್ಣ ಉದ್ಯಮಗಳಿಗೆಂದು ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. ಸಣ್ಣ ಉದ್ಯಮಗಳ 2006ರ ಕಾಯಿದೆಯ ಪ್ರಕಾರ ನಿಮ್ಮಂಥ ಸೂಕ್ಷ್ಮ ಉದ್ಯಮಕ್ಕೆ 45 ದಿನದೊಳಗೆ ಹಣ ಸಲ್ಲಬೇಕು, ತಪ್ಪಿದರೆ ಚಕ್ರಬಡ್ಡಿ. ಆದರೆ ಬಡ್ಡಿ ಕೇಳಿದವನನ್ನು ಮುಂದಿನ ವರ್ಷ ಯಾರು ಕರೆಯುತ್ತಾರೆ? ಆಪ್‌ನ ವಿಷಯವೂ ಅಷ್ಟೆ: ಅಲ್ಲಿ ಮನೆಗಳ ಪಟ್ಟಿ ಅವರದು, ನಿಮ್ಮದು ತೋಳು ಮಾತ್ರ.

ತೆರಿಗೆಗೆ ಹೆದರಬೇಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸು ಬಂದಾಗ ಎಷ್ಟೋ ಕಡೆ ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ಸೇವೆ ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ಮೇಲಿನ ಲೆಕ್ಕದಲ್ಲಿ ಐದನೆಯವನು ಪೂರ್ತಿ ದುಡಿಯತೊಡಗಿದಾಗ ಅದು ನಿಮಗೆ ಅಡ್ಡ ಬರುತ್ತದೆ. ಆಗ ಮನೆಯವರ ಬಿಲ್ಲಿಗೆ ಶೇ 18 ಸೇರುತ್ತದೆ, ಒಂದಿಷ್ಟು ಮಂದಿ ಮುಖ ತಿರುಗಿಸುತ್ತಾರೆ. ಹತ್ತು ಮಂದಿ ಆದಾಗ ಇಎಸ್‌ಐ, ಅಂದರೆ ನೌಕರರ ವಿಮೆ. ಆ ಖರ್ಚನ್ನು ಸಂತೋಷದಿಂದ ಮಾಡಿ.

ಹೇಳಬಾರದೆಂದುಕೊಂಡಿದ್ದೆ, ಆದರೆ ಈ ಊರಿನ ಗಾಜಿನ ಹುಚ್ಚಿನ ಬಗ್ಗೆ ಎರಡು ಮಾತಾಡದೆ ಲೇಖನಿ ಕೆಳಗಿಡಲಾರೆ. 1889ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಹಾಕಿದಾಗ ಗಾಜು ಇಲ್ಲಿ ಅತಿಥಿ. ಬಸವನಗುಡಿಯ ಹಳೆಯ ಮನೆಗಳ ಕಿಟಕಿ ಮರದ್ದು, ಗಾಜು ಅಂಗೈಯಗಲ, ನಿಂತಲ್ಲೇ ಒರೆಸಬಹುದಿತ್ತು. ಈಗ ವೈಟ್‌ಫೀಲ್ಡಿನಿಂದ ಹೊರವರ್ತುಲ ರಸ್ತೆಯವರೆಗೆ ನೆಲದಿಂದ ಆಕಾಶದವರೆಗೆ ಗಾಜು, ಒಳಗೆ ಬೇಯುವುದನ್ನು ತಪ್ಪಿಸಲು ಹಗಲಿಡೀ ಹವಾನಿಯಂತ್ರಣ. ಅಪಾರ್ಟ್‌ಮೆಂಟಿನಲ್ಲಿ ಅಡುಗೆಮನೆಯ ಹಿಂದೆ ಇಳಿಜಾರು ಸಜ್ಜ, ಅದರ ಮೇಲೊಂದು ತೆರೆಯದ ಗಾಜು. ನಕ್ಷೆ ಬರೆದವರು ಸೋಫಾ ಎಲ್ಲಿ ಇಡಬೇಕೆಂದು ಗುರುತು ಮಾಡಿದ್ದಾರೆ. ಗಾಜು ಒರೆಸುವವನು ಕಾಲಿಡಲು ಒಂದಡಿ ಜಾಗ ಗುರುತಿಸಿಲ್ಲ. ಕುಶಲಕರ್ಮಿಗಳಿಗೆ ನೆರವಾಗುವ ಕೇಂದ್ರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದೋಣಿ ಕಟ್ಟುವವರಿದ್ದಾರೆ, ಬೊಂಬೆ ಮಾಡುವವರಿದ್ದಾರೆ, ಅಗಸರಿದ್ದಾರೆ. ಇಷ್ಟು ಗಾಜಿರುವ ಊರಿನವರಾದ ನೀವು ಆ ಪಟ್ಟಿಯಲ್ಲಿ ಇಲ್ಲ. ಲಕ್ಷ ಕೊಟ್ಟು ಗಾಜು ಹಾಕಿಸಿದವರೇ 700 ರೂಪಾಯಿಗೆ ಬಾಗಿಲಲ್ಲಿ ನಿಂತು ಐವತ್ತು ಬಿಡು ಎನ್ನುವುದು. ಚಂದಾ ನವೀಕರಿಸದೆ, ಪಕ್ಕದ ಮನೆಯಿಂದ ಈ ಸಂಚಿಕೆಯನ್ನು ಎರವಲು ತಂದು ಓದುತ್ತಿರುವವರಿಗೂ ಈ ಮಾತು ಸೇರಲಿ.

ನಿಮಗೂ ಒಂದು ಗದರಿಕೆ ಬಾಕಿ ಇದೆ. ಹೆಣ್ಣಿನ ಕಡೆಯವರಿಗೆ ನೀವು ಏನು ಕೆಲಸ ಎಂದು ಹೇಳಿದ್ದೀರೋ ನನಗೆ ತಿಳಿಯದು. ಸೂಪರ್‌ವೈಸರ್ ಎಂದಿದ್ದರೆ ಈ ವಾರವೇ ತಿದ್ದಿಕೊಳ್ಳಿ. 120 ಮನೆಯ ವರ್ತನೆಗೆ ಸ್ಕೂಟರಿನ ಮೇಲೆ ಹೆಸರು ಬರೆಸಲೇಬೇಕು, ಆ ಹುಡುಗಿ ಅದನ್ನು ಸಿಗ್ನಲ್ಲಿನಲ್ಲಿ ಓದುವುದಕ್ಕಿಂತ ನಿಮ್ಮ ಬಾಯಿಂದ ಕೇಳುವುದು ಮೇಲು.

ನಮ್ಮ ಕಚೇರಿ ಚಾಮರಾಜಪೇಟೆಯಲ್ಲಿದೆ. ಆರು ಕಿಟಕಿ, ಎಂಟು ವಾರಕ್ಕೊಮ್ಮೆ, ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಬರೆದುಕೊಳ್ಳಿ. ಇಷ್ಟು ದಿನ ನಾವೇ ಹಳೆಯ ಸಂಚಿಕೆಗಳ ಹಾಳೆ ಹರಿದು ಒರೆಸುತ್ತಿದ್ದೆವು, ಅದಕ್ಕೆ ಕಾಗದ ಚೆನ್ನಾಗಿತ್ತು. ದರದ ಬಗ್ಗೆ ನಾನು ಚೌಕಾಸಿ ಮಾಡುವುದಿಲ್ಲ, ನಮ್ಮ ವ್ಯವಸ್ಥಾಪಕರು ಮಾಡುತ್ತಾರೆ, ಬಗ್ಗಬೇಡಿ. ಬೀದಿ ಕಡೆಯ ಎರಡನೆಯ ಕಿಟಕಿ ಬಣ್ಣ ಹೊಡೆದಾಗಿನಿಂದ ತೆರೆಯುತ್ತಿಲ್ಲ. ಬರುವಾಗ ಒಂದು ಉಳಿ ತನ್ನಿ.