ನೆಟ್ ಇಲ್ಲದ ಶಾಲಾ ಲ್ಯಾಬ್‌ಗೆ ಡೆಬಿಯನ್ ಮಿರರ್: ವಾರ ಕಳೆದ ಮೇಲೆ ಅಪ್‌ಡೇಟ್ ಯಾಕೆ ನಿಲ್ಲುತ್ತದೆ

ನಮಸ್ಕಾರ ಮೇಷ್ಟ್ರೇ. ನೀವು ಬರೆದದ್ದು ಇಷ್ಟು: ಲ್ಯಾಬ್‌ನಲ್ಲಿ 20 ಯಂತ್ರ, ಎಲ್ಲವೂ ಡೆಬಿಯನ್ 12 (ಲಿನಕ್ಸ್‌ನ ಒಂದು ಬಗೆ, ಈ ಆವೃತ್ತಿಯ ಅಡ್ಡಹೆಸರು ಬುಕ್‌ವರ್ಮ್), ನೆಟ್ ಇಲ್ಲ. ಪೇಟೆಯಲ್ಲಿ ಆಪ್ಟ್-ಮಿರರ್‌ನಿಂದ ಮಿರರ್, ಅಂದರೆ ಡೆಬಿಯನ್ ಪ್ಯಾಕೇಜ್ ಭಂಡಾರದ ನಕಲು, ಇಳಿಸಿ, ಡಿಸ್ಕ್‌ನಲ್ಲಿ ತಂದು ಶಾಲೆಯ ಸರ್ವರ್‌ಗೆ ಹಾಕಿದಿರಿ. ಮೊದಲ ವಾರ ಸರಿಯಿತ್ತು. ಈಗ ಸೆಕ್ಯುರಿಟಿ ಮತ್ತು ಅಪ್‌ಡೇಟ್ಸ್ ಸಾಲುಗಳಲ್ಲಿ ‘ರಿಲೀಸ್ ಫೈಲ್ ಎಕ್ಸ್‌ಪೈರ್ಡ್’ ಅನ್ನುತ್ತಿದೆ. ಎರಡು ಯಂತ್ರ ಮಾತ್ರ ಮೊದಲಿಂದಲೂ ‘ನಾಟ್ ವ್ಯಾಲಿಡ್ ಯೆಟ್’ ಅನ್ನುತ್ತಿವೆ. ಇವು ಬೇರೆ ಬೇರೆ ತೊಂದರೆ.

ನಿಮ್ಮ ಡಿಸ್ಕ್ ಕೆಟ್ಟಿಲ್ಲ, ಕಾಪಿಯೂ ತಪ್ಪಿಲ್ಲ. ಡೆಬಿಯನ್‌ನ ಸೆಕ್ಯುರಿಟಿ ಮತ್ತು ಅಪ್‌ಡೇಟ್ಸ್ ವಿಭಾಗಗಳ ರಿಲೀಸ್ ಫೈಲ್‌ನಲ್ಲಿ (ಪ್ಯಾಕೇಜ್ ಪಟ್ಟಿಗಳ ಸಹಿ ಮಾಡಿದ ಸೂಚಿ) ‘ವ್ಯಾಲಿಡ್-ಅಂಟಿಲ್’ ಎಂಬ ಸಾಲಿರುತ್ತದೆ, ಅವಧಿ 7 ದಿನ. ಯಾರಾದರೂ ನಡುವೆ ಕುಳಿತು ಹಳೆಯ ಪಟ್ಟಿಯನ್ನೇ ಕೊಡುತ್ತಾ ಹೊಸ ಸೆಕ್ಯುರಿಟಿ ಪ್ಯಾಚ್‌ಗಳನ್ನು ತಡೆಹಿಡಿಯಬಾರದು ಅಂತ ಈ ಏರ್ಪಾಡು. ಬುಕ್‌ವರ್ಮ್ ಮುಖ್ಯ ವಿಭಾಗಕ್ಕೆ ಈ ಗಡುವು ಇಲ್ಲ, ಅದಕ್ಕೇ ಅದು ಇನ್ನೂ ನಡೆಯುತ್ತಿದೆ.

ಇವತ್ತೇ ಕೆಲಸ ಆಗಬೇಕಾದರೆ ಯಂತ್ರಗಳ ಸೋರ್ಸಸ್ ಫೈಲ್‌ನಲ್ಲಿ (ಪ್ಯಾಕೇಜ್ ಎಲ್ಲಿಂದ ತರಬೇಕು ಅಂತ ಬರೆದಿರುವ ಫೈಲ್) ಆ ಎರಡು ವಿಭಾಗಗಳಿಗೆ ಮಾತ್ರ ‘ಚೆಕ್-ವ್ಯಾಲಿಡ್-ಅಂಟಿಲ್: ನೋ’ ಹಾಕಿ. ‘ಟ್ರಸ್ಟೆಡ್=ಯೆಸ್’ ಹಾಕಲೇಬೇಡಿ. ಅದು ಸಹಿಯ ಪರೀಕ್ಷೆಯನ್ನೇ ತೆಗೆದುಹಾಕುತ್ತದೆ, ಆಮೇಲೆ ಡಿಸ್ಕ್‌ನಲ್ಲಿ ಯಾರು ಏನು ಸೇರಿಸಿದರೂ ಲ್ಯಾಬ್ ಒಪ್ಪಿಕೊಳ್ಳುತ್ತದೆ.

ಶಾಶ್ವತ ದಾರಿ ಬೇರೆ. ನೆಟ್ ಇಲ್ಲದ ಕಡೆಗೆ ಚಲಿಸುವ ಮಿರರ್ ಒಯ್ಯಬಾರದು, ಒಂದು ದಿನದ ಸ್ಥಿತಿಯನ್ನು ಹಿಡಿದಿಟ್ಟು, ನಿಮ್ಮದೇ ಕೀಯಿಂದ ಸಹಿ ಮಾಡಿ ಒಯ್ಯಬೇಕು. ಅದಕ್ಕೆ ಆಪ್ಟ್‌ಲಿ ಎಂಬ ಮಿರರ್ ಮಾಡುವ ಪ್ರೋಗ್ರಾಂ ಬಳಸಿ, ಡೆಬಿಯನ್‌ನಲ್ಲೇ ಸಿಗುತ್ತದೆ. ಅದು ಹೊಸದಾಗಿ ಬರೆಯುವ ರಿಲೀಸ್ ಫೈಲ್‌ನಲ್ಲಿ ಗಡುವಿನ ದಿನ ಇರುವುದಿಲ್ಲ.

ಪೇಟೆಯ ಯಂತ್ರದಲ್ಲಿ ಮೊದಲು ಡೆಬಿಯನ್ ಆರ್ಕೈವ್ ಕೀರಿಂಗನ್ನು (ಡೆಬಿಯನ್‌ನ ಸಹಿ ಪರೀಕ್ಷಿಸುವ ಕೀಗಳು) ಸಹಿಯ ಪ್ರೋಗ್ರಾಂ ಆದ ಜಿಪಿಜಿಯ ‘ಟ್ರಸ್ಟೆಡ್‌ಕೀಸ್’ಗೆ ಇಂಪೋರ್ಟ್ ಮಾಡಿ, ಇಲ್ಲದಿದ್ದರೆ ಮಿರರ್ ಕ್ರಿಯೇಟ್ ಹಂತದಲ್ಲೇ ನಿಲ್ಲುತ್ತದೆ. ಆಮೇಲೆ ಮೂರು ಮಿರರ್ ಮಾಡಿ: ಬುಕ್‌ವರ್ಮ್, ಬುಕ್‌ವರ್ಮ್-ಅಪ್‌ಡೇಟ್ಸ್, ಬುಕ್‌ವರ್ಮ್-ಸೆಕ್ಯುರಿಟಿ. ಆರ್ಕಿಟೆಕ್ಚರ್ ಎಎಂಡಿ64 ಒಂದೇ ಸಾಕು. ಕಾಂಪೊನೆಂಟ್‌ಗಳಲ್ಲಿ ಮೇನ್ ಜೊತೆ ನಾನ್-ಫ್ರೀ-ಫರ್ಮ್‌ವೇರ್ ಮರೆಯಬೇಡಿ. ಡೆಬಿಯನ್ 12ರಲ್ಲಿ ಫರ್ಮ್‌ವೇರ್‌ಗೆ ಪ್ರತ್ಯೇಕ ವಿಭಾಗ ಬಂದಿದೆ, ಬಿಟ್ಟರೆ ವೈಫೈ ಕಾರ್ಡುಗಳು ಕೈಕೊಡುತ್ತವೆ.

ಜಾಗ ಉಳಿಸಲು ಫಿಲ್ಟರ್ ಹಾಕುವುದಾದರೆ ಇಲ್ಲೊಂದು ಹಳ್ಳವಿದೆ. ಸರಿಯಾಗಿರುವ ಒಂದು ಲ್ಯಾಬ್ ಯಂತ್ರದಲ್ಲಿ ‘ಆಪ್ಟ್-ಮಾರ್ಕ್ ಶೋಮ್ಯಾನ್ಯುವಲ್’ ಕೊಟ್ಟು ಬಂದ ಹೆಸರುಗಳನ್ನು (ಬೇಕೆಂದೇ ಹಾಕಿದ ಪ್ಯಾಕೇಜ್‌ಗಳು) ಲಂಬ ಗೆರೆಯಿಂದ ಜೋಡಿಸಿ, ಜೊತೆಗೆ ರಿಕ್ವೈರ್ಡ್, ಇಂಪಾರ್ಟೆಂಟ್, ಸ್ಟ್ಯಾಂಡರ್ಡ್ ಪ್ರಯಾರಿಟಿಗಳನ್ನೂ ಸೇರಿಸಿ, ‘ಫಿಲ್ಟರ್-ವಿತ್-ಡೆಪ್ಸ್’ ಕೊಡಿ. ಆದರೆ ಇದನ್ನು ಬುಕ್‌ವರ್ಮ್ ಮಿರರ್‌ಗೆ ಮಾತ್ರ ಹಾಕಿ. ಆಪ್ಟ್‌ಲಿ ಡಿಪೆಂಡೆನ್ಸಿಗಳನ್ನು (ಒಂದು ಪ್ಯಾಕೇಜ್ ನಡೆಯಲು ಬೇಕಾದ ಇತರ ಪ್ಯಾಕೇಜ್‌ಗಳು) ಹುಡುಕುವುದು ಅದೇ ಮಿರರ್‌ನ ಒಳಗೆ. ಉದಾಹರಣೆಗೆ ಲಿಬ್‌ಎಸ್‌ಎಸ್‌ಎಲ್3 ಎಂಬ ಲೈಬ್ರರಿ ನಿಮ್ಮ ಪಟ್ಟಿಯಲ್ಲಿರುವುದಿಲ್ಲ, ಯಾವುದೋ ಪ್ರೋಗ್ರಾಂಗೆ ಬೇಕು ಅಂತ ಒಳಗೆ ಬಂದಿರುತ್ತದೆ. ಆ ಪ್ರೋಗ್ರಾಂ ಸೆಕ್ಯುರಿಟಿ ವಿಭಾಗದಲ್ಲಿ ಇಲ್ಲದಿದ್ದರೆ ಲಿಬ್‌ಎಸ್‌ಎಸ್‌ಎಲ್3ರ ಪ್ಯಾಚೂ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಯಾವ ಎರರ್ರೂ ಬರುವುದಿಲ್ಲ, ಅದೇ ಅಪಾಯ. ಸೆಕ್ಯುರಿಟಿ, ಅಪ್‌ಡೇಟ್ಸ್ ಎರಡನ್ನೂ ಪೂರ್ತಿ ಇಳಿಸಿ.

ಇನ್ನೊಂದು: ಆಪ್ಟ್‌ಲಿ ‘ರೆಕಮೆಂಡ್ಸ್’ (ಕಡ್ಡಾಯವಲ್ಲದ, ಜೊತೆಗಿದ್ದರೆ ಒಳ್ಳೆಯ ಪ್ಯಾಕೇಜ್‌ಗಳು) ಹಿಂಬಾಲಿಸುವುದಿಲ್ಲ, ಅದನ್ನು ಕಾನ್ಫಿಗ್‌ನಲ್ಲಿ ಆನ್ ಮಾಡಬೇಕು. ಕನ್ನಡಕ್ಕೆ ಬೇಕಾದ ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು, ಐಬಸ್-ಎಂ17ಎನ್, ಲಿಬ್ರೆಆಫೀಸ್-ಎಲ್10ಎನ್-ಕೆಎನ್ ಇವುಗಳ ಹೆಸರನ್ನು ಫಿಲ್ಟರ್‌ನಲ್ಲಿ ನೇರವಾಗಿ ಬರೆದುಬಿಡಿ. ಮಿರರ್ ಅಪ್‌ಡೇಟ್ ಶುರುವಾದಾಗ ‘ಡೌನ್‌ಲೋಡ್ ಕ್ಯೂ’ ಸಾಲಿನಲ್ಲಿ ಒಟ್ಟು ಗಾತ್ರ ತೋರಿಸುತ್ತದೆ. ಅದನ್ನು ಓದಿ, ಡಿಸ್ಕ್ ಸಾಲದಿದ್ದರೆ ಅಲ್ಲೇ ನಿಲ್ಲಿಸಿ.

ಮೂರರಿಂದಲೂ ದಿನಾಂಕದ ಹೆಸರಿನಲ್ಲಿ ಸ್ನ್ಯಾಪ್‌ಶಾಟ್ ತೆಗೆದು, ‘ಲೇಟೆಸ್ಟ್’ ಆಯ್ಕೆ ಕೊಟ್ಟು ಮರ್ಜ್ ಮಾಡಿ. ಆ ಆಯ್ಕೆ ಇಲ್ಲದಿದ್ದರೆ ಕೊನೆಗೆ ಬರೆದ ಸ್ನ್ಯಾಪ್‌ಶಾಟ್‌ನ ಪ್ಯಾಕೇಜೇ ಗೆಲ್ಲುತ್ತದೆ, ವರ್ಷನ್ ಹಳೆಯದಾದರೂ. ಪಬ್ಲಿಷ್ ಮಾಡುವಾಗ ಡಿಸ್ಟ್ರಿಬ್ಯೂಷನ್ ಬುಕ್‌ವರ್ಮ್, ಕಾಂಪೊನೆಂಟ್ ಮೇನ್ ಅಂತ ಕೊಡಿ. ಎಲ್ಲ ಒಂದಾಗಿರುವುದರಿಂದ ಲ್ಯಾಬ್ ಯಂತ್ರಗಳಲ್ಲೂ ಮೇನ್ ಒಂದನ್ನೇ ಬರೆಯಬೇಕು. ಮುಂದಿನ ಬಾರಿ ‘ಪಬ್ಲಿಷ್ ಸ್ವಿಚ್’ ಸಾಕು.

ಕೀ ಮಾಡುವಾಗ ಅದರ ಅವಧಿ ನೋಡಿಕೊಳ್ಳಿ, ಮುಗಿದ ದಿನ 20 ಯಂತ್ರವೂ ಒಟ್ಟಿಗೆ ನಿಲ್ಲುತ್ತವೆ. ಪ್ರೈವೇಟ್ ಕೀ ಪೇಟೆಯ ಯಂತ್ರದಲ್ಲೇ ಇರಲಿ, ಶಾಲೆಗೆ ಹೋಗುವುದು ಪಬ್ಲಿಕ್ ಕೀ ಮಾತ್ರ. ಆರ್ಮರ್ (ಅಕ್ಷರ ರೂಪಕ್ಕೆ ಪರಿವರ್ತನೆ) ಮಾಡಿದ್ದರೆ ಫೈಲ್ ಹೆಸರಿನ ಕೊನೆ ‘ಎಎಸ್‌ಸಿ’, ಬೈನರಿಯಾದರೆ ‘ಜಿಪಿಜಿ’. ಅದಲು ಬದಲಾದರೆ ಪ್ಯಾಕೇಜ್ ಹಾಕುವ ಪ್ರೋಗ್ರಾಂ ಆಪ್ಟ್ ಆ ಕೀಯನ್ನು ಓದುವುದೇ ಇಲ್ಲ. ಪರ್ಮಿಷನ್ 644 ಇರಲಿ.

ಒಯ್ಯುವ ಡಿಸ್ಕ್ ಇಎಕ್ಸ್‌ಟಿ4 ಆಗಿರಲಿ, ಎಕ್ಸ್‌ಫ್ಯಾಟ್‌ನಲ್ಲಿ ಸಿಮ್‌ಲಿಂಕ್ (ಬೇರೆ ಫೈಲನ್ನು ತೋರಿಸುವ ಕೊಂಡಿ) ನಿಲ್ಲುವುದಿಲ್ಲ. ಆಪ್ಟ್‌ಲಿಯ ‘ಪಬ್ಲಿಕ್’ ಫೋಲ್ಡರ್ ಮಾತ್ರ ಒಯ್ದರೆ ಸಾಕು. ಶಾಲೆಯ ಸರ್ವರ್‌ಗೆ ಆರ್‌ಸಿಂಕ್ (ಫೈಲ್ ನಕಲು ಮಾಡುವ ಪ್ರೋಗ್ರಾಂ) ಎರಡು ಹಂತದಲ್ಲಿ ಮಾಡಿ: ಮೊದಲು ‘ಪೂಲ್’ (ಪ್ಯಾಕೇಜ್‌ಗಳು), ಆಮೇಲೆ ‘ಡಿಸ್ಟ್ಸ್’ (ಪಟ್ಟಿಗಳು), ಹಳೆಯದನ್ನು ಅಳಿಸುವುದು ಕಟ್ಟಕಡೆಗೆ. ಪಟ್ಟಿ ಮೊದಲು ಹೋಗಿ ಪ್ಯಾಕೇಜ್ ಇನ್ನೂ ಬಂದಿರದಿದ್ದರೆ ಆ ಹೊತ್ತಿಗೆ ಇನ್‌ಸ್ಟಾಲ್ ಕೊಟ್ಟ ಹುಡುಗರಿಗೆ 404 ಬರುತ್ತದೆ. ಫೋಲ್ಡರನ್ನು ಯಾರದ್ದೋ ಹೋಮ್‌ನಲ್ಲಿ ಇಡಬೇಡಿ. ಡೆಬಿಯನ್ 12ರಲ್ಲಿ ಹೊಸ ಹೋಮ್‌ಗೆ 0700 ಪರ್ಮಿಷನ್, ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್‌ಗೆ ಒಳಗೆ ಪ್ರವೇಶವಿಲ್ಲದೆ 403 ಬರುತ್ತದೆ. ‘ಎಸ್‌ಆರ್‌ವಿ’ ಕೆಳಗೆ ಇಡಿ.

ಹೊರಡುವ ಮೊದಲು ಹೊಸದಾಗಿ ಹಾಕಿದ ಡೆಬಿಯನ್ ವರ್ಚುವಲ್ ಯಂತ್ರವೊಂದನ್ನು ನೆಟ್ ಕಡಿದು, ಈ ಮಿರರ್‌ಗೆ ಮಾತ್ರ ಜೋಡಿಸಿ, ನಿಮ್ಮ ಪಟ್ಟಿಯ ಅಷ್ಟನ್ನೂ ಇನ್‌ಸ್ಟಾಲ್ ಮಾಡಿ ನೋಡಿ. ಒಂದು ಲೈಬ್ರರಿ ಬಿಟ್ಟುಹೋಗಿದ್ದರೂ ಅಲ್ಲೇ ಗೊತ್ತಾಗುತ್ತದೆ, ಪೇಟೆಗೆ ಇನ್ನೊಂದು ಓಡಾಟ ತಪ್ಪುತ್ತದೆ.

ಇನ್ನು ಆ ಎರಡು ಯಂತ್ರಗಳು. ಅವುಗಳ ಗಡಿಯಾರ ಹಿಂದಿದೆ. ರಿಲೀಸ್ ಫೈಲ್‌ನ ದಿನಾಂಕ ಯಂತ್ರದ ಸಮಯಕ್ಕಿಂತ 10 ಸೆಕೆಂಡಿಗಿಂತ ಹೆಚ್ಚು ಮುಂದಿದ್ದರೆ ಆಪ್ಟ್ ಒಪ್ಪುವುದಿಲ್ಲ. ಮದರ್‌ಬೋರ್ಡ್ ಮೇಲಿನ ಬಿಲ್ಲೆಯಂಥ ಸಿಆರ್2032 ಸೆಲ್ ಬಹುಶಃ ಸತ್ತಿದೆ. ಮೀಟರ್‌ನಲ್ಲಿ 3 ವೋಲ್ಟ್ ಆಸುಪಾಸು ತೋರಿಸಬೇಕು, ತೀರಾ ಕಡಿಮೆ ಇದ್ದರೆ ಬದಲಿಸಿ. ಜೊತೆಗೆ ಶಾಲೆಯ ಸರ್ವರ್‌ನಲ್ಲಿ ಕ್ರೋನಿ (ಯಂತ್ರಗಳ ಸಮಯ ಹೊಂದಿಸುವ ಪ್ರೋಗ್ರಾಂ) ಹಾಕಿ, ಕಾನ್ಫಿಗ್‌ನಲ್ಲಿ ‘ಲೋಕಲ್ ಸ್ಟ್ರೇಟಮ್ 10’ ಮತ್ತು ಲ್ಯಾಬ್‌ನ ಸಬ್‌ನೆಟ್‌ಗೆ ‘ಅಲೌ’ ಬರೆಯಿರಿ. ಉಳಿದ ಯಂತ್ರಗಳಲ್ಲಿ ಟೈಮ್ ಸರ್ವರ್ ಆಗಿ ಅದರ ವಿಳಾಸ ಕೊಡಿ. ಸರ್ವರ್‌ನ ಸಮಯವನ್ನು ಮಾತ್ರ ಪ್ರತಿ ಬಾರಿ ಡಿಸ್ಕ್ ತಂದ ದಿನ ಮೊಬೈಲ್ ನೋಡಿ ಸರಿಪಡಿಸಿ, ಕಾಪಿ ಶುರುಮಾಡುವ ಮೊದಲೇ.