ಟಿಎಲ್‌ಆರ್4 ಇಲ್ಲದ ಕೋಶ ಎಲ್‌ಪಿಎಸ್ ಅನ್ನು ಗುರುತಿಸುವುದೇ ಇಲ್ಲವೇ?

ಎಲ್‌ಪಿಎಸ್ ಎಂದರೆ ಗ್ರಾಮ್-ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಅಣು; ಕೋಶದ ಹೊರಗಿರುವ ಎಲ್‌ಪಿಎಸ್ ಅನ್ನು ಗುರುತಿಸುವ ಗ್ರಾಹಕ ಟಿಎಲ್‌ಆರ್4. ಈ ಗ್ರಾಹಕವಿಲ್ಲದ ಇಲಿಯ ಮ್ಯಾಕ್ರೋಫೇಜ್‌ಗಳನ್ನು (ಸೂಕ್ಷ್ಮಜೀವಿಗಳನ್ನು ನುಂಗುವ ರೋಗನಿರೋಧಕ ಕೋಶಗಳನ್ನು) ‘ಎಲ್‌ಪಿಎಸ್‌ಗೆ ಪ್ರತಿಕ್ರಿಯಿಸದ ಕೋಶ’ಗಳೆಂದು ಕಂಟ್ರೋಲ್ (ಹೋಲಿಕೆಯ ಮಾದರಿ) ಆಗಿ ಬಳಸಬಹುದೇ ಎಂದು ಕೇಳಿದ್ದೀರಿ. ಬಳಸಬೇಡಿ. ಸಂಶೋಧನೆಯ ಆರಂಭದಲ್ಲಿ ಇದನ್ನೇ ನಂಬಿ ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯವನ್ನು ಕೈಬಿಡಬೇಕಾಯಿತು.

ಎಲ್‌ಪಿಎಸ್ ಅನ್ನು ನಾನು ಕೋಶಗಳು ಬೆಳೆಯುತ್ತಿದ್ದ ಮಾಧ್ಯಮಕ್ಕೆ ಸೇರಿಸುತ್ತಿದ್ದೆ. ಉರಿಯೂತದ ಸಂಕೇತ ಪ್ರೋಟೀನ್ ಆದ ಟಿಎನ್‌ಎಫ್ ಬಿಡುಗಡೆಯಾಗುತ್ತಿರಲಿಲ್ಲ, ಅಷ್ಟನ್ನೇ ನೋಡಿ, ಈ ಕೋಶಗಳಿಗೆ ಎಲ್‌ಪಿಎಸ್ ಗೊತ್ತಾಗುವುದಿಲ್ಲ ಎಂದು ಬರೆದೆ. ನಾನು ಒಡ್ಡಿದ್ದು ಹೊರಗಿನ ಎಲ್‌ಪಿಎಸ್ ಅನ್ನು, ಅಳೆದದ್ದು ಟಿಎಲ್‌ಆರ್4 ಮೂಲಕ ಸಾಗುವ ಸಂಕೇತದ ಫಲವನ್ನು. ಅಂದರೆ ಇಲ್ಲದ ಗ್ರಾಹಕ ಕೆಲಸ ಮಾಡುತ್ತಿಲ್ಲ ಎಂಬುದನ್ನಷ್ಟೇ ಸಾಬೀತುಪಡಿಸಿದ್ದೆ. ಸೋಂಕು ತಗುಲಿಸಿದಾಗ ಅವೇ ಕೋಶಗಳು ಸಾಯುತ್ತಿದ್ದುದಕ್ಕೆ ಬ್ಯಾಕ್ಟೀರಿಯಾದ ವಿಷವೇ ಕಾರಣವೆಂದು ಭಾವಿಸಿ ಮುಂದೆ ಸಾಗಿದೆ. ಆಮೇಲೆ ವೈರಸ್‌ನ ಆರ್‌ಎನ್‌ಎಯನ್ನು ಹೋಲುವ ಪಾಲಿ ಐಸಿಯಿಂದ ಮೊದಲು ಪ್ರಚೋದಿಸಿ (ಪ್ರಚೋದಿಸದ ಮ್ಯಾಕ್ರೋಫೇಜ್‌ನಲ್ಲಿ, ಎಲ್‌ಪಿಎಸ್ ಅನ್ನು ಕೋಶದೊಳಗೆ ಪತ್ತೆಹಚ್ಚುವ ಕಿಣ್ವವಾದ ಕ್ಯಾಸ್ಪೇಸ್-11 ಬಹಳ ಕಡಿಮೆ), ಟ್ರಾನ್ಸ್‌ಫೆಕ್ಷನ್ ಮೂಲಕ ಎಲ್‌ಪಿಎಸ್ ಅನ್ನು ನೇರವಾಗಿ ಸೈಟೊಸಾಲ್‌ಗೆ (ಕೋಶದೊಳಗಿನ ದ್ರವಕ್ಕೆ) ತಲುಪಿಸಿದಾಗ, ಕೋಶಗಳು ಸೂಕ್ಷ್ಮದರ್ಶಕದಡಿ ಗುಳ್ಳೆಯಂತೆ ಉಬ್ಬಿ ಒಡೆದವು. ಅವುಗಳೊಳಗಿನ ಎಲ್‌ಡಿಎಚ್ ಕಿಣ್ವ ಮಾಧ್ಯಮಕ್ಕೆ ಸೋರಿತು.

ಟಿಎಲ್‌ಆರ್4 ಬೇಕಿಲ್ಲದ ಈ ಒಳದಾರಿ 2013ರಲ್ಲಿ ವರದಿಯಾಯಿತು. ಇಲಿಯ ಕ್ಯಾಸ್ಪೇಸ್-11, ಮನುಷ್ಯರ ಕ್ಯಾಸ್ಪೇಸ್-4 ಮತ್ತು 5 ಎಲ್‌ಪಿಎಸ್‌ಗೆ ತಾವೇ ಅಂಟಿಕೊಳ್ಳುತ್ತವೆ ಎಂದು ಫೆಂಗ್ ಶಾವೊ ಅವರ ತಂಡ 2014ರಲ್ಲಿ ತೋರಿಸಿತು. ಗ್ರಾಹಕವೂ ಕಿಣ್ವವೂ ಒಂದೇ ಪ್ರೋಟೀನ್ ಆಗಿರುವುದು ನನಗೆ ಇಂದಿಗೂ ಈ ಕ್ಷೇತ್ರದ ಅತ್ಯಂತ ಸೊಗಸಾದ ಸಂಗತಿ. ಹೀಗೆ ಸಕ್ರಿಯಗೊಂಡ ಕ್ಯಾಸ್ಪೇಸ್ ಗ್ಯಾಸ್ಡರ್ಮಿನ್-ಡಿ ಪ್ರೋಟೀನನ್ನು ಕತ್ತರಿಸುತ್ತದೆ, ಅದರ ತುಣುಕುಗಳು ಕೋಶಪೊರೆಯಲ್ಲಿ ರಂಧ್ರಗಳನ್ನು ಮಾಡುತ್ತವೆ, ಕೋಶ ಪೈರಾಪ್ಟೋಸಿಸ್ ಎಂಬ, ಉಬ್ಬಿ ಒಡೆಯುವ ಬಗೆಯಲ್ಲಿ ಸಾಯುತ್ತದೆ. ಸೈಟೊಸಾಲ್‌ನಲ್ಲಿ ಬೇರೆ ಗ್ರಾಹಕಗಳೂ ಇವೆ: ಬ್ಯಾಕ್ಟೀರಿಯಾದ ಕೋಶಭಿತ್ತಿಯ ಪೆಪ್ಟಿಡೋಗ್ಲೈಕನ್ ತುಣುಕುಗಳಿಗೆ ನಾಡ್1 ಮತ್ತು ನಾಡ್2, ಅದರ ಚಲನೆಯ ಬಾಲದ ಪ್ರೋಟೀನ್ ಆದ ಫ್ಲಾಜೆಲಿನ್‌ಗೆ ನೈಪ್–ಎನ್‌ಎಲ್‌ಆರ್‌ಸಿ4.

ಆದ್ದರಿಂದ ‘ಪ್ರತಿಕ್ರಿಯಿಸದ ಕೋಶ ಯಾವುದು’ ಎಂಬ ಪ್ರಶ್ನೆಯನ್ನೇ ಬಿಟ್ಟು, ಎಲ್‌ಪಿಎಸ್ ಎಲ್ಲಿದೆ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ಒಳಗಿನ ಪತ್ತೆಯನ್ನು ಪರೀಕ್ಷಿಸುವುದಾದರೆ ನಿಮ್ಮ ಕಂಟ್ರೋಲ್ ಕ್ಯಾಸ್ಪೇಸ್-11 ಇಲ್ಲದ ಕೋಶ. ಟಿಎನ್‌ಎಫ್ ಜೊತೆಗೆ ಎಲ್‌ಡಿಎಚ್ ಅನ್ನೂ, ಕತ್ತರಿಸಿದ ಗ್ಯಾಸ್ಡರ್ಮಿನ್-ಡಿ ಅನ್ನೂ ಅಳೆಯಿರಿ. ಇದೇ ಕುಟುಂಬದ ಇನ್ನೊಂದು ಕಿಣ್ವವಾದ ಕ್ಯಾಸ್ಪೇಸ್-1 ಇಲ್ಲದ ಇಲಿಗಳನ್ನು ತರಿಸುವವರು ಅವುಗಳ ವಂಶಾವಳಿಯನ್ನು ಕೇಳಿ ಪಡೆಯಲೇಬೇಕು, ಏಕೆಂದರೆ 129 ಎಂಬ ಇಲಿ ತಳಿಯ ಕೋಶಗಳಿಂದ ರೂಪಿಸಿದ ಹಳೆಯ ಇಲಿಗಳಲ್ಲಿ ಕ್ಯಾಸ್ಪೇಸ್-11 ಕೂಡ ಇರಲಿಲ್ಲವೆಂಬುದು 2011ರಲ್ಲಷ್ಟೇ ಬೆಳಕಿಗೆ ಬಂತು.