ಮೇಷ್ಟ್ರನ್ನು ಕೇಳಿ: ಎಡಿಸನ್ ಕಳ್ಳನಾ?

ಪ್ರಶ್ನೆ: ಮೇಷ್ಟ್ರೇ, ಮೊನ್ನೆ ರಾತ್ರಿ ಕರೆಂಟ್ ಹೋದಾಗ ನಮ್ಮ ಮನೆಯಲ್ಲಿ ಜಗಳ ಶುರುವಾಯಿತು. ಬಲ್ಬನ್ನು ಎಡಿಸನ್ ಕಂಡುಹಿಡಿಯಲೇ ಇಲ್ಲ, ಬೇರೆಯವರದ್ದನ್ನು ಕದ್ದು ಹೆಸರು ಮಾಡಿದ ಅಂತಾನೆ ಅಣ್ಣ. ಹಾಗಾದರೆ ಪುಸ್ತಕದಲ್ಲಿರುವ ದೊಡ್ಡ ದೊಡ್ಡ ಹೆಸರೆಲ್ಲ ಸುಮ್ನೇನಾ?
— ಕಾಲೇಜು ವಿದ್ಯಾರ್ಥಿನಿ, ಸಿದ್ದಾಪುರ

ಉತ್ತರ: ನಿಮ್ಮ ಅಣ್ಣ ಹೇಳಿದ್ದು ಅರ್ಧ ಸರಿ. ಆ ಅರ್ಧ ನನಗೂ ತಡವಾಗಿ ಗೊತ್ತಾಯಿತು.

ಪಾಠ ಮಾಡುತ್ತಿದ್ದ ಕಾಲದಲ್ಲಿ ‘ಬಲ್ಬ್ ಕಂಡುಹಿಡಿದವರು ಯಾರು?’ ಅಂತ ಒಂದು ಮಾರ್ಕಿನ ಪ್ರಶ್ನೆ ಕೊಟ್ಟಿದ್ದೆ. ಹುಡುಗನೊಬ್ಬ ‘ಜೋಸೆಫ್ ಸ್ವಾನ್’ ಎಂದು ಬರೆದ. ಕೆಂಪು ಪೆನ್ನಲ್ಲಿ ಗೀಟು ಎಳೆದು ಸೊನ್ನೆ ಹಾಕಿದೆ. ಆಮೇಲೆ ಓದಿದರೆ, ಸ್ವಾನ್ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ 1879ರ ಫೆಬ್ರವರಿಯಲ್ಲೇ ಜನರೆದುರು ಬಲ್ಬ್ ಉರಿಸಿ ತೋರಿಸಿದ್ದರು. ಎಡಿಸನ್‌ರದ್ದು ಉರಿದದ್ದು ಅದೇ ವರ್ಷ ಅಕ್ಟೋಬರಿನಲ್ಲಿ. ಕೊನೆಗೆ ಇಬ್ಬರೂ ಸೇರಿ ಇಂಗ್ಲೆಂಡಿನಲ್ಲಿ ಒಂದೇ ಕಂಪನಿ ಮಾಡಿಕೊಂಡರು.

ಆದರೆ ಕಳ್ಳ ಅನ್ನುವುದು ಜಾಸ್ತಿಯಾಯಿತು. ಬಲ್ಬ್ ಒಂದೇ ಇಟ್ಟುಕೊಂಡು ಏನು ಮಾಡುತ್ತೀರಿ? ಕರೆಂಟ್ ಬೇಡವಾ? 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ ಡೈನಮೋ ಕೂರಿಸಿ, ನೆಲದಡಿ ಕೇಬಲ್ ಎಳೆದು, ಮನೆಮನೆಗೆ ಕರೆಂಟ್ ಕೊಟ್ಟರು. ನನ್ನ ಲೆಕ್ಕದಲ್ಲಿ ಅವರಿಗೆ ಮಾರ್ಕು ಸಿಗಬೇಕಾದದ್ದು ಅದಕ್ಕೆ. ನಾವು ಕೊಡುತ್ತಿರುವುದು ಬಲ್ಬಿಗೆ, ಅಷ್ಟೇ.

ಇನ್ನೊಂದು ಕತೆ ನಿಮ್ಮ ತೋಟದಲ್ಲೇ ಇದೆ. ಮಳೆ ಹಿಡಿಯುವ ಮುಂಚೆ ಕರಿಮೆಣಸಿಗೆ ರೋಗ ಬರದಿರಲಿ ಅಂತ ಬೋರ್ಡೋ ಔಷಧಿ ಹೊಡೆಯುತ್ತೀರಲ್ವಾ? ಮೈಲುತುತ್ತು, ಸುಣ್ಣ, ನೀರು. ಅದು ಹುಟ್ಟಿದ್ದು ಕಳ್ಳರ ಕಾಟದಿಂದ! ಫ್ರಾನ್ಸಿನ ಬೋರ್ಡೋ ಊರಿನ ಸುತ್ತ ದ್ರಾಕ್ಷಿ ತೋಟಗಳು. ದಾರಿಹೋಕರು ಹಣ್ಣು ಕೀಳುತ್ತಾರೆ ಅಂತ ಅಲ್ಲಿನ ರೈತರು ರಸ್ತೆ ಬದಿಯ ಬಳ್ಳಿಗೆ ಈ ನೀಲಿ ನೀರು ಎರಚುತ್ತಿದ್ದರು. ನೋಡಿದವರು ವಿಷ ಅಂದುಕೊಂಡು ಮುಟ್ಟಬಾರದು, ಅಷ್ಟೇ ಉದ್ದೇಶ. (ರಸ್ತೆ ಬದಿಯಲ್ಲಿ ಕಿತ್ತಳೆ ಗಿಡ ಇಟ್ಟುಕೊಂಡವರಿಗೆ ಆ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.) 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಹೋದರು. ಬೂಜು ರೋಗ ಬಂದು ಒಳಗಿನ ಬಳ್ಳಿಗಳ ಎಲೆ ಉದುರಿತ್ತು. ರಸ್ತೆ ಬದಿಯವು ಮಾತ್ರ ಹಸಿರಾಗಿದ್ದವು.

ಈಗ ಹೇಳಿ, ಕಂಡುಹಿಡಿದವರು ಯಾರು? ಎರಚಿದ ರೈತರಿಗೆ ರೋಗದ ಯೋಚನೆಯೇ ಇರಲಿಲ್ಲ. ಆ ದಾರಿಯಲ್ಲಿ ನೂರಾರು ಜನ ಓಡಾಡಿದ್ದರು. ಮಿಲಾರ್ಡೆ ನಿಂತು ನೋಡಿದರು, ಮೂರು ವರ್ಷ ಬೆನ್ನು ಹತ್ತಿದರು, 1885ರಲ್ಲಿ ಬೆರಕೆಯ ಲೆಕ್ಕ ಬರೆದು ಪ್ರಕಟಿಸಿದರು. ಹೆಸರು ಅವರಿಗೆ ಸಲ್ಲಬೇಕು ಅಂತಲೇ ನನ್ನ ಮಾತು. ಆದರೆ ತೋಟದಲ್ಲಿ ನಿಂತು ಪ್ರಯೋಗ ಮಾಡಿಸಿದ ಮೇಲ್ವಿಚಾರಕ ಡೇವಿಡ್, ರಸಾಯನದ ಲೆಕ್ಕ ನೋಡಿಕೊಂಡ ಗೇಯೋಂ, ಇವರನ್ನು ಯಾರು ನೆನೆಯುತ್ತಾರೆ? ತಮಾಷೆ ಎಂದರೆ ಮಿಲಾರ್ಡೆ ಹೆಸರೂ ಉಳಿಯಲಿಲ್ಲ. ಔಷಧಿಗೆ ಊರಿನ ಹೆಸರು ಅಂಟಿಕೊಂಡಿತು. ಐವತ್ತು ವರ್ಷ ಬೋರ್ಡೋ ಹೊಡೆದ ನನ್ನ ಪಕ್ಕದ ತೋಟದ ಅಜ್ಜ, ಬೋರ್ಡೋ ಅಂದರೆ ಯಾರೋ ಬಿಳಿ ದೊರೆ ಅಂತಲೇ ನಂಬಿದ್ದಾರೆ.

ಹಾಗಾಗಿ ಅಣ್ಣನಿಗೆ ಹೇಳಿ, ಹೆಸರುಗಳನ್ನು ಅಳಿಸುವುದು ಬೇಡ, ಪಕ್ಕದಲ್ಲಿ ಇನ್ನೆರಡು ಬರೆದುಕೊಳ್ಳಲಿ.

ಸ್ವಾನ್ ಎಂದು ಬರೆದ ಹುಡುಗ ಈಗ ಸುಂಟಿಕೊಪ್ಪದ ಹತ್ತಿರ ಕಾಫಿ ಬೆಳೆಯುತ್ತಾನೆ. ಹೋದ ತಿಂಗಳು ಸಂತೆಯಲ್ಲಿ ಸಿಕ್ಕಿದ. ‘ನಿನಗೆ ಒಂದು ಮಾರ್ಕು ಬಾಕಿ ಇದೆ ಕಣಪ್ಪ’ ಅಂದೆ. ‘ಬಡ್ಡಿ ಸೇರಿಸಿ ಕೊಡಿ ಮೇಷ್ಟ್ರೇ’ ಅಂದ.